ಬಣ್ಣ ಕಲೆಸುವ ನೀರು

ಮಗಳ ಬಣ್ಣದ ಡಬ್ಬಿಗೆ ನೀರು ತಾಗಿದಾಗ ಏಳುವ ವಾಸನೆ ನನ್ನನ್ನು ಭದ್ರಾವತಿಯ ಒಂದು ಮಧ್ಯಾಹ್ನಕ್ಕೆ ಒಯ್ಯುತ್ತದೆ.

ಅಪ್ಪ ಕಾರ್ಖಾನೆಯಲ್ಲಿ ಫಿಟ್ಟರ್. ಚಿತ್ರ ಬರೆಯುವುದನ್ನು ಅವರಿಗೆ ಯಾರೂ ಕಲಿಸಿರಲಿಲ್ಲ. ವಾರದ ಒಂದೇ ರಜೆಯಲ್ಲಿ ನನ್ನನ್ನೂ ಕರೆದುಕೊಂಡು ಊರಾಚೆ ಮೈಲಿಗಟ್ಟಲೆ ನಡೆದು, ಮನಸ್ಸಾದ ಕಡೆ ಕೂತು ಬರೆಯುತ್ತಿದ್ದರು. ನೀರಿನ ಬಾಟಲಿ ಹೊರುವುದು ನನ್ನ ಕೆಲಸ.

ಅವತ್ತು ಗುಡ್ಡದೆದುರು ತೊಡೆಯ ಮೇಲೆ ಹಾಳೆ ಇಟ್ಟುಕೊಂಡು ಅವರು ಕೈ ಚಾಚಿದಾಗ ಬಾಟಲಿ ಖಾಲಿ. ದಾರಿಯಲ್ಲಿ ನಾನೇ ಕುಡಿದು ಮುಗಿಸಿದ್ದೆ. ಅಳು ಬಂತು.

"ಬಾಯಾರಿದ್ರೆ ಕುಡೀದೆ ಇನ್ನೇನ್ ಮಾಡ್ತೀಯೆ, ಮಾರಾಯ್ತಿ? ಇಬ್ರೂ ಚೆನ್ನಾಗಿ ನೋಡ್ಕೊಳ್ಳೋಣ. ಮನೇಲಿ ಬರೀತೀನಿ," ಎಂದರು ಅಪ್ಪ.

ಸಂಜೆ ಅಡುಗೆಮನೆಯ ನೆಲದ ಮೇಲೆ ಕೂತು ಗುಡ್ಡ ಬರೆದರು. ಅದರ ಕೆಳಗಿನ ದಾರಿಯಲ್ಲಿ ಅವರು, ಪಕ್ಕದಲ್ಲಿ ನಾನು. ನನ್ನ ಕೈಯಲ್ಲೊಂದು ಪುಟ್ಟ ಬಾಟಲಿ. ಅದರ ಕತ್ತಿನವರೆಗೂ ಅಪ್ಪ ನೀರು ತುಂಬಿದ್ದರು.