ಲಾಯ್ಡ್ ಹಾಲ್ವರ್ಸನ್ ಮಾಡಿದ ಸನ್ನೆ

"ನಾನು ಬರೋವರೆಗೆ ತಡಿ ಅಂದಿದ್ದೆ. ಅಷ್ಟೇ ಅಲ್ವಾ ಕೇಳಿದ್ದು?"

ಕರ್ಟಿಸ್ ಅಕ್ಕನ ಮುಖ ನೋಡದೆ ಹೇಳಿದ. ಚರ್ಚಿನ ನೆಲಮಾಳಿಗೆಯಲ್ಲಿ ಕಾಫಿಯ ದೊಡ್ಡ ಪಾತ್ರೆ ಗುಳುಗುಳು ಎನ್ನುತ್ತಿತ್ತು. ಮೇಲೆ ಪ್ರಾರ್ಥನಾ ಮಂದಿರದಲ್ಲಿ ಅವರ ಅಪ್ಪ ಲಾಯ್ಡ್ ಹಾಲ್ವರ್ಸನ್ ಪೆಟ್ಟಿಗೆಯೊಳಗೆ ಮಲಗಿದ್ದರು, ಕೈಯಡಿ ತಂಡದ ನೀಲಿ ಟೋಪಿ.

ಮಾರ್ಲಿಸ್ ಹ್ಯಾಮ್ ಸ್ಯಾಂಡ್‌ವಿಚ್‌ಗಳನ್ನು ತಟ್ಟೆಯಲ್ಲಿ ಜೋಡಿಸುತ್ತಲೇ ಇದ್ದಳು. "ನೀನು ಬರೋವರೆಗೂ ಅವರನ್ನ ಆ ನಳಿಗೆಗೆ ಕಟ್ಟಿಹಾಕ್ಬೇಕಿತ್ತಾ?"

"ಹಿಮ ಬಿದ್ದು ವಿಮಾನ ನಿಂತಿದ್ದು ನನ್ನ ತಪ್ಪಾ? ಉಸಿರಾಟದ ಯಂತ್ರ ತೆಗೀರಿ ಅಂತ ಹೇಳಿದ್ದು ನೀನು. ಒಬ್ಬಳೇ."

"ಅಪ್ಪನೇ ಹೇಳಿದ್ರು."

"ಅವರಿಗೆ ಮಾತೇ ಬರ್ತಿರ್ಲಿಲ್ಲ!"

"ಕೈಯಲ್ಲಿ ಹೇಳಿದ್ರು."

ಕರ್ಟಿಸ್ ನಕ್ಕ. ಒಳ್ಳೆಯ ನಗುವಲ್ಲ.

ನಿವೃತ್ತಿಯವರೆಗೂ ಆ ಊರಿನ ನೀರು ಲಾಯ್ಡ್ ಅವರ ಕೈಯಲ್ಲಿತ್ತು. ಮಿನೆಸೋಟದ ಚಳಿಗೆ ಕೊಳವೆ ಒಡೆದಾಗಲೆಲ್ಲ ಮಂಡಿಯುದ್ದ ಹಿಮದಲ್ಲಿ ಅಗೆಯುತ್ತಿದ್ದವರು ಅವರು. ಬೇಸಿಗೆ ಬಂದರೆ ಮಾತ್ರ ಮನುಷ್ಯನೇ ಬೇರೆ. ಸಂಜೆಯಾದರೆ ಬೇಸ್‌ಬಾಲ್ ಮೈದಾನ, ಊರಿನ ಹುಡುಗರ ತಂಡಕ್ಕೆ ಅವರೇ ತರಬೇತುದಾರ. ಮೂರನೇ ಬೇಸಿನ ಪಕ್ಕದಲ್ಲಿ ನಿಂತು ಸದ್ದಿಲ್ಲದೆ ಸನ್ನೆ ಮಾಡುತ್ತಿದ್ದರು. ಮೂಗು, ಟೋಪಿ, ಗಲ್ಲ. ಅವೆಲ್ಲ ಎದುರಾಳಿಗಳ ಕಣ್ಣಿಗೆ ಮಣ್ಣು. ಕಿವಿ ಮುಟ್ಟಿದ ಮೇಲೆ ಮುಟ್ಟಿದ್ದೇ ನಿಜ. ಕಿವಿ, ಆಮೇಲೆ ಸೊಂಟ: ಮೂರನೇ ಬೇಸ್ ಬಿಟ್ಟು ಮನೆಗೆ, ಅಂದರೆ ಓಟ ಮುಗಿಯುವ ಕೊನೆಯ ಬೇಸಿಗೆ, ಓಡು.

ಹೆಣ್ಣುಮಕ್ಕಳನ್ನು ಆಗ ತಂಡಕ್ಕೆ ಸೇರಿಸುತ್ತಿರಲಿಲ್ಲ. ಮಾರ್ಲಿಸ್ ಬೆಂಚಿನ ತುದಿಯಲ್ಲಿ ಕೂತು ಎಲ್ಲ ಕಲಿತಳು, ಮದುವೆಯಾಗಿ ದೂರದ ಊರಿಗೆ ಹೋಗುವವರೆಗೆ ಒಂದು ಪಂದ್ಯವನ್ನೂ ಬಿಡಲಿಲ್ಲ. ಚೆಂಡೆಂದರೆ ಹೆದರುತ್ತಿದ್ದ ಕರ್ಟಿಸ್ ಮನೆಯಲ್ಲೇ ಕೂತು ತುತ್ತೂರಿ ಊದುತ್ತಿದ್ದ.

ಪಾರ್ಶ್ವವಾಯು ಅಪ್ಪನ ಮಾತನ್ನೂ ಎಡಭಾಗವನ್ನೂ ಕಿತ್ತುಕೊಂಡಿತು. ಕಾದರೆ ಒಂದಿಷ್ಟು ಚೇತರಿಸಬಹುದು, ಚೇತರಿಸದೆಯೂ ಇರಬಹುದು ಎಂದರು ವೈದ್ಯರು. "ಕೈ ಒತ್ತಿ" ಎಂದರೆ ಒತ್ತುತ್ತಿರಲಿಲ್ಲ. ಮಾತು ತಲುಪುತ್ತಿದೆಯೋ ಇಲ್ಲವೋ ಯಾರಿಗೂ ತಿಳಿಯದು. ಒಂದು ಮಧ್ಯಾಹ್ನ ಮಾರ್ಲಿಸ್ ಅವರ ತಲೆ ಬಾಚುತ್ತಿದ್ದಾಗ ಬಲಗೈ ಮೆಲ್ಲಗೆ ಮೇಲೆದ್ದಿತು. ಮೂಗು. ಕಿವಿ. ಸೊಂಟ.

"ಮನೆಗಾ, ಅಪ್ಪ?"

ಮತ್ತೆ ಕಿವಿ. ಮತ್ತೆ ಸೊಂಟ. ಅವರ ಕಣ್ಣು ಅವಳನ್ನೇ ನೋಡುತ್ತಿತ್ತು. ಆಮೇಲೆ ಅಂಗೈಯಿಂದ ಎದೆ ಉಜ್ಜಿಕೊಂಡರು. ಎದೆಬಡಿತ ನೋಡುವ ತಂತಿಗಳ ಅಂಟುಪಟ್ಟಿಗೆ ಅಲ್ಲಿನ ಚರ್ಮ ಕೆಂಪಾಗಿತ್ತು. ಮಾರ್ಲಿಸ್ ಮುಲಾಮು ಸವರಿದಳು. ಮತ್ತೆ ಉಜ್ಜಿದರು. ಮತ್ತೆ ಸವರಿದಳು, ಮಗುವಿಗೆ ಸವರಿದ ಹಾಗೆ ಬೆರಳ ತುದಿಯಲ್ಲಿ. ಕೆರೆದುಕೊಂಡು ಗಾಯವಾದೀತೆಂದು ಆ ಕೈಯನ್ನು ತನ್ನೆರಡು ಕೈಯಲ್ಲಿ ಹಿಡಿದು ಕೂತಳು. ಸಂಜೆ ವೈದ್ಯರಿಗೆ ಒಪ್ಪಿಗೆ ಹೇಳಿದಳು. ಉಸಿರು ನಿಲ್ಲುವವರೆಗೂ ಕೈ ಬಿಡಲಿಲ್ಲ.

"ಕಾಫಿ ಆಯ್ತಾ, ಇಲ್ಲಾ ನಾನೂ ಪೆಟ್ಟಿಗೆ ಸೇರ್ಬೇಕಾ?"

ಮೆಟ್ಟಿಲಿಳಿದು ಬಂದವನು ಡ್ವೇನ್ ಕ್ರೋಗ್. ಅಪ್ಪನ ತಂಡದಲ್ಲಿ ಆಡಿ ಬೆಳೆದವನು, ಆಮೇಲೆ ವರ್ಷಾನುಗಟ್ಟಲೆ ಮೈದಾನದಲ್ಲಿ ಅವರಿಗೆ ಸಹಾಯಕನಾಗಿದ್ದವನು. ಈಗ ಕೋಟಿನ ಗುಂಡಿ ಹಾಕಲು ಆಗದಷ್ಟು ಹೊಟ್ಟೆ.

ಮಾರ್ಲಿಸ್ ಅವನ ತೋಳು ಹಿಡಿದಳು. "ಡ್ವೇನ್, ಇವನಿಗೆ ಹೇಳು. ಕಿವಿ, ಆಮೇಲೆ ಸೊಂಟ. ಏನದು?"

"ಮನೆಗೆ ಓಡು. ಯಾಕೆ? ನಿದ್ದೇಲಿ ಕೇಳಿದ್ರೂ ಹೇಳ್ತೀನಿ." ಡ್ವೇನ್ ಹೊಟ್ಟೆ ತಟ್ಟಿಕೊಂಡ. "ಆಗ ಓಡ್ತಿದ್ದೆ ಕಣಯ್ಯ ಕರ್ಟಿಸ್. ಈಗ ಆಲೂಗಡ್ಡೆ ಪಾತ್ರೆ ಕಡೆಗಷ್ಟೇ."

"ಬೇರೆ ಅರ್ಥ ಇಲ್ವಾ?"

"ಮನೆಗೆ ಬೇರೆ ಅರ್ಥ ಏನಿರುತ್ತೆ?"

ಡ್ವೇನ್ ಲೋಟ ತುಂಬಿಸಿಕೊಂಡು ಮೇಲೆ ಹೋದ. ಕರ್ಟಿಸ್ ಮೊದಲ ಸಲ ಅಕ್ಕನ ಮುಖ ನೋಡಿದ.

"ಅವರೇ ಮಾಡಿದ್ರಾ, ಮಾರ್ಲಿ? ನಿಜವಾಗ್ಲೂ?"

"ಎರಡು ಸಲ."

ಅವನು ಅಕ್ಕನ ಭುಜಕ್ಕೆ ಹಣೆಯಿಟ್ಟು ಅತ್ತ. "ಕೊಲೆಗಾತಿ ಅಂತ ಮನಸ್ಸಲ್ಲಿ ಬೈಕೊಂಡೇ ಬಂದೆ ಕಣೆ."

"ಗೊತ್ತು. ಮೂಗು ಒರೆಸ್ಕೋ." ಅಪ್ಪ ಆಸ್ಪತ್ರೆ ಸೇರಿದಾಗಿನಿಂದ ಮೊದಲ ಸಲ ಮಾರ್ಲಿಸ್‌ಗೆ ಹಸಿವಾಯಿತು. ನಿಂತಲ್ಲೇ ಒಂದು ಸ್ಯಾಂಡ್‌ವಿಚ್ ತಿಂದಳು.

ಪಾದ್ರಿ ಚಿಕ್ಕದಾಗಿಯೇ ಮಾತಾಡಿದರು. "ಕೊಳವೆ ರಿಪೇರಿಗೆ ನೀರು ನಿಲ್ಲಿಸಬೇಕಾದರೆ ಲಾಯ್ಡ್ ಮೊದಲು ಬಾಗಿಲು ತಟ್ಟುತ್ತಿದ್ದರು. ಒಳಗಿನವರು ಹೂಂ ಅನ್ನುವವರೆಗೆ ನೀರಿನ ಕವಾಟ ತಿರುಗಿಸಿದವರಲ್ಲ." ಮಾರ್ಲಿಸ್ ತಲೆಯಾಡಿಸಿದಳು. ತಾನೂ ಹೂಂ ಅನ್ನಿಸಿಕೊಂಡೇ ತಿರುಗಿಸಿದ್ದು.

ಸ್ಮಶಾನದಲ್ಲಿ ಏಪ್ರಿಲ್‌ನ ಹಿಮ ಇನ್ನೂ ಕರಗಿರಲಿಲ್ಲ. ಪೆಟ್ಟಿಗೆ ಇಳಿಯುವ ಮುನ್ನ ತಂಡದ ಹಳಬರು ಗುಂಡಿಯ ಪಕ್ಕ ಸಾಲಾಗಿ ನಿಂತರು. ನರೆತ ತಲೆಗಳ ಮೇಲೆ ನೀಲಿ ಟೋಪಿಗಳು.

"ಇಷ್ಟು ದಿನ ಅವರು ನಮಗೆ ಹೇಳಿದ್ರು. ಇವತ್ತು ನಾವು ಅವರಿಗೆ," ಎಂದ ಡ್ವೇನ್.

ಎಲ್ಲರ ಕೈ ಒಟ್ಟಿಗೆ ಎದ್ದಿತು. ಮೂಗು. ಕಿವಿ. ಸೊಂಟ. ಮಾರ್ಲಿಸ್ ಮೊಣಕೈಯಿಂದ ತಮ್ಮನನ್ನು ಮೆಲ್ಲಗೆ ತಿವಿದಳು. ಅವನು ಅಳುತ್ತಲೇ ನಕ್ಕ.

ಆಮೇಲೆ ಎಲ್ಲರೂ ಒಟ್ಟಿಗೆ ಅಂಗೈಯಿಂದ ಎದೆ ಉಜ್ಜಿಕೊಂಡರು.

ಮಾರ್ಲಿಸ್‌ಗೆ ಅಂಗೈಯಲ್ಲಿ ಮುಲಾಮಿನ ಜಿಡ್ಡು ನೆನಪಾಯಿತು. "ಡ್ವೇನ್... ಆ ಕೊನೇದು ಏನು?"

"ಓ, ಅದು ನಿಂಗೆ ಗೊತ್ತಿಲ್ವಾ? ನೀನು ಮದುವೆಯಾಗಿ ಹೋದ್ಮೇಲೆ ಪಕ್ಕದೂರಿನವರು ನಮ್ಮ ಸನ್ನೆ ಕದ್ರಲ್ಲ, ಆಗ ಸೇರಿಸಿದ್ದು." ಡ್ವೇನ್ ಟೋಪಿ ತೆಗೆದು ಕಣ್ಣೊರೆಸಿಕೊಂಡ. "ಎದೆ ಒರೆಸಿದ್ರೆ ಹೇಳಿದ್ದೆಲ್ಲ ರದ್ದು. ಹೋಗ್ಬೇಡ, ಇದ್ದಲ್ಲೇ ಇರು ಅಂತ."