ಹಣ್ಣಿಗೊಂದು ಬೊಟ್ಟು

ಸಿದ್ದಾಪುರದ ಜೆರಾಕ್ಸ್ ಅಂಗಡಿಯಿಂದ ಬಂದ ಹಾಳೆಗಳಲ್ಲಿ ಕಾಫಿ ಹಣ್ಣೂ ಕಪ್ಪಗಿತ್ತು, ಕಾಯಿಯೂ ಕಪ್ಪಗಿತ್ತು. ಒಂದರ ಕೆಳಗೆ ಸರಿ ಗುರುತು, ಇನ್ನೊಂದರ ಕೆಳಗೆ ತಪ್ಪು ಗುರುತು. ಎರಡಕ್ಕೂ ವ್ಯತ್ಯಾಸವೇನು ಎಂದು ಕೇಳಿದರೆ ಹಾಳೆ ಮಾಡಿದ ಮೋನಿಷಾಳೇ ಹೇಳಲಾರಳು.

ಅವಳು ಎಸ್ಟೇಟಿನಲ್ಲಿ ಲೆಕ್ಕ ಬರೆಯುವ ರೈಟರ್, ಅದೂ ತಾತ್ಕಾಲಿಕ. ಕುಯ್ಲಿಗೆ ಪ್ರತಿವರ್ಷ ಹೊಸಬರು ಬರುತ್ತಾರೆ, ಹಣ್ಣಿನ ಜೊತೆ ಹಸಿರು ಕಾಯನ್ನೂ ಬಾಚಿ ಚೀಲಕ್ಕೆ ಹಾಕುತ್ತಾರೆ. ಪಕ್ಕದಲ್ಲಿ ನಿಂತು ಕಲಿಸಲು ಒಬ್ಬರು ಬೇಕು. ಮಾಲೀಕ ಬೊಳ್ಳಪ್ಪನವರಿಗೆ ಆ ಖರ್ಚು ತಪ್ಪಬೇಕಿತ್ತು.

"ನೋಡಿ ತಾವೇ ಕಲೀಬೇಕು, ಅಂಥ ಹಾಳೆ ಮಾಡಿ. ಕಲರ್ ಪ್ರಿಂಟ್ ಎಲ್ಲ ಬೇಡ. ಇದು ಸರಿಯಾದ್ರೆ ನಿಮ್ಮನ್ನ ಪರ್ಮನೆಂಟ್ ಮಾಡುವ" ಎಂದಿದ್ದರು. ಮೋನಿಷಾ ಆ ಮಾತನ್ನೇ ನೆಚ್ಚಿಕೊಂಡಿದ್ದಳು.

ಮೇಸ್ತ್ರಿ ಪೂವಮ್ಮ ಹಾಳೆಯನ್ನು ತಿರುಗಿಸಿ ಮುರುಗಿಸಿ ನೋಡಿದರು. "ಎರಡೂ ಜೀರುಂಡೆ ಥರ ಉಂಟಲ್ಲ ಕೂಸೇ! ಸ್ವಲ್ಪ ಕುಂಕುಮ ತಾ. ಹಣ್ಣಿಗೊಂದು ಬೊಟ್ಟು ಇಟ್ರೆ ಆಯ್ತು."

ಇಬ್ಬರೂ ಕೂತು ಕುಂಕುಮ ಕಲಸಿ ಅಷ್ಟೂ ಹಾಳೆಗೆ ಬೊಟ್ಟಿಟ್ಟರು. ಹಣ್ಣು ಕೆಂಪಾಯಿತು, ಕಾಯಿ ಹಾಗೇ ಉಳಿಯಿತು. ಕೂಲಿಯವರ ಲೈನ್ ಮನೆಗಳಿಗೆಲ್ಲ ಒಂದೊಂದು ಹಾಳೆ ಹೋಯಿತು. ಬೊಳ್ಳಪ್ಪನವರಿಗೂ ಬಹಳ ಹಿಡಿಸಿತು. ಕುಂಕುಮ ಯಾರದ್ದೆಂದು ಅವರು ಕೇಳಲಿಲ್ಲ.

ಕುಯ್ಲಿನ ಹಿಂದಿನ ದಿನ ಬೆಳಿಗ್ಗೆ ಅವರು ಮೋನಿಷಾಳನ್ನು ಕರೆದುಕೊಂಡು ಪರೀಕ್ಷೆಗೆ ಬಂದರು. ಮೊದಲ ಮನೆಯಲ್ಲಿ ಹುಣಸೂರು ಕಡೆಯಿಂದ ಬಂದ ತುಳಸಿ ಹೊಸ್ತಿಲು ಸಾರಿಸುತ್ತಿದ್ದಳು.

"ಹಾಳೆ ದಿನಾ ನೋಡ್ತೀರಾ?"

"ದಿನಾ ನೋಡ್ತೀವಿ ಸಾರ್. ಸ್ನಾನ ಮಾಡ್ಕೊಂಡೇ ನೋಡದು."

ಇಷ್ಟೊಂದು ಶಿಸ್ತನ್ನು ಬೊಳ್ಳಪ್ಪನವರು ನಿರೀಕ್ಷಿಸಿರಲಿಲ್ಲ. ಮೆಚ್ಚುಗೆಯಿಂದ ತಲೆದೂಗಿ ಹೊಸ್ತಿಲಲ್ಲೇ ನಿಂತು ಒಳಗೆ ಇಣುಕಿದರು. ಬಾಗಿಲ ಪಕ್ಕದ ಹಲಗೆಯ ಮೇಲೆ ದೇವರ ಪಟಗಳ ನಡುವೆ ಹಾಳೆ ಕೂತಿತ್ತು. ಮುಂದೆ ಊದುಬತ್ತಿ ಉರಿಯುತ್ತಿತ್ತು. ಮೇಲೊಂದು ಚೆಂಡುಹೂವು, ಅದರ ಹಿಂದೆ ಕಾಯಿಯ ಚಿತ್ರ ಪೂರ್ತಿ ಮುಚ್ಚಿಹೋಗಿತ್ತು.

"ಇದು ಕಲೀಲಿಕ್ಕೆ ಕೊಟ್ಟದ್ದು! ಪೂಜೆ ಮಾಡ್ಲಿಕ್ಕಲ್ಲ!"

"ಕುಂಕುಮ ಇಟ್ಟಿರೋ ಕಾಗ್ದ ಸಾರ್. ಕಾಲು ಓಡಾಡೋ ಕಡೆ ಹೆಂಗೆ ಹಾಕದು?"

"ಹೋಗ್ಲಿ, ಯಾವುದನ್ನ ಕೊಯ್ಯಬೇಕು? ಹೇಳಿ."

"ಅದನ್ನ ಇನ್ನೂ ಯಾರೂ ಹೇಳ್ಕೊಟ್ಟಿಲ್ವಲ್ಲ ಸಾರ್."

ಬೊಳ್ಳಪ್ಪನವರಿಗೆ ರೇಗಿತು. ಕೈ ಚಾಚಿ ಹಾಳೆಯನ್ನು ಎಳೆದರು. ಅದು ಜಾರಿ ಹೊಸ್ತಿಲಿನ ಒಳಗೆ ಬಿತ್ತು. ಹಿಡಿಯಲು ಮುಂದಿಟ್ಟ ಅವರ ಒದ್ದೆ ಶೂ ನೇರವಾಗಿ ಹಣ್ಣಿನ ಮೇಲೇ ಊರಿತು.

ಬೊಳ್ಳಪ್ಪನವರು ಕಾಲು ಹಿಂದೆ ತೆಗೆದು, ಬಗ್ಗಿ, ಹಾಳೆಯನ್ನು ಮುಟ್ಟಿ ಕಣ್ಣಿಗೊತ್ತಿಕೊಂಡರು. ಎರಡೂ ಕೈಯಲ್ಲಿ ಅದನ್ನೆತ್ತಿ ದೇವರ ಪಕ್ಕ ಇಟ್ಟರು. ಚೆಂಡುಹೂವನ್ನೂ ಮೊದಲಿನ ಜಾಗಕ್ಕೇ ಇಟ್ಟರು.

"ಹೇಳ್ಕೊಡ್ಲಿಕ್ಕೆ ಒಬ್ಬರು ಇರ್ಲೇಬೇಕು" ಎಂದರು, ಮೋನಿಷಾಳ ಮುಖ ನೋಡದೆ. "ಪ್ರತಿವರ್ಷ ಬೇಕು. ನೀವೇ ಇರಿ."

ಶೂವಿನ ಅಡಿಗೆ ಕುಂಕುಮ ಹತ್ತಿತ್ತು. ಅದನ್ನು ನೆಲಕ್ಕೆ ಊರಲು ಅವರಿಗೆ ಮನಸ್ಸಾಗಲಿಲ್ಲ. ಬಿಚ್ಚಿ ಕೈಯಲ್ಲಿ ಹಿಡಿದುಕೊಂಡು, ಒಂದು ಕಾಲಲ್ಲಿ ಶೂ, ಇನ್ನೊಂದರಲ್ಲಿ ಬರೀ ಸಾಕ್ಸು, ಇಬ್ಬನಿ ತುಳಿಯುತ್ತ ಜೀಪಿನತ್ತ ನಡೆದರು.