ನಾಲ್ಕು ತಿಂಗಳ ಮೋರಿ

ಕೂಲಿಯವರನ್ನೆಲ್ಲ ಮರಳು ಜರಡಿ ಹಿಡಿಯಲು ಅಟ್ಟಿ, ಮೇಸ್ತ್ರಿ ತಾನೇ ಗುದ್ದಲಿ ಹಿಡಿದು ಗೋಡೆಯ ಬುಡದಲ್ಲಿ ಅಗೆಯತೊಡಗಿದ. ಅರವತ್ತರ ಹತ್ತಿರದವನ ಈ ಹುರುಪು ಕಂಡು ಮನೆಯೊಡತಿ ಟೀಚರಮ್ಮನಿಗೆ ಸೋಜಿಗ.

"ಆಳುಗಳಿಲ್ವಾ ಮೇಸ್ತ್ರಿ?"

"ಈ ಬುನಾದಿ ನಾನೇ ನೋಡ್ಬೇಕಮ್ಮ."

ಮೂವತ್ತು ವರ್ಷದ ಹಿಂದೆ ಈ ಮನೆ ಕಟ್ಟಿದವನು ಅವನೇ. ಈಗ ಮಗಳು, ಮೊಮ್ಮಕ್ಕಳಿಗೆಂದು ಮೇಲೊಂದು ಕೋಣೆ ಎಬ್ಬಿಸಲು ಟೀಚರಮ್ಮ ಅವನನ್ನೇ ಕರೆಸಿದ್ದರು. ಆ ನಂಬಿಕೆಯೇ ಅವನನ್ನು ಚುಚ್ಚುತ್ತಿತ್ತು. ನಕ್ಷೆಯಲ್ಲಿದ್ದದ್ದು ಐದಡಿ ಆಳ. ಮೂರಡಿಗೇ ನೀರು ಒಸರಿತೆಂದು ಬೇಸತ್ತು, ಅಲ್ಲೇ ಕಲ್ಲು ಕೂರಿಸಿ, ಐದಡಿಯೆಂದು ಹೇಳಿ ಮಣ್ಣು ಮುಚ್ಚಿದ್ದ. ಇದರ ಮೇಲೆ ಕೋಣೆ ಎದ್ದರೆ ಮನೆ ಕುಸಿಯುವುದೇ ಸೈ. ನಿಜ ಹೇಳಲು ನಾಲಿಗೆ ಏಳದು. ಗುಟ್ಟಾಗಿ ಆ ಕಲ್ಲಿನ ಕೆಳಗೆ ಕಾಂಕ್ರೀಟು ತುಂಬಿ ಮಾನ ಉಳಿಸಿಕೊಳ್ಳಬೇಕು.

ಅದಕ್ಕೆ ಅವಸರ ಸಲ್ಲದು. ಒಮ್ಮೆಗೇ ತೋಡಿದರೆ ಗೋಡೆ ಕೂರುತ್ತದೆ. ಮೂರಡಿ ಉದ್ದ ತೋಡಿ, ತುಂಬಿ, ಗಟ್ಟಿಯಾಗುವವರೆಗೆ ಕಾದು, ಆಮೇಲೆ ಮುಂದಿನದು. ಬುನಾದಿ ಬಲಪಡಿಸಲು ನಾಲ್ಕು ತಿಂಗಳು ಬೇಕೆಂದಾಗ ಟೀಚರಮ್ಮ ನಕ್ಕುಬಿಟ್ಟಿದ್ದರು.

"ಸರಿ ಬಿಡಿ, ಥೇಟ್ ನಿಮ್ಮಪ್ಪನೇ."

ಅವನ ಮುಖ ಕೆಂಪಾಗಿತ್ತು. ಮನೆಯಾದ ಮರುವರ್ಷ ಅಪ್ಪ ಅದರ ಸುತ್ತ ಮೋರಿ ಕಟ್ಟುವ ಕೆಲಸ ಹಿಡಿದಿದ್ದ. ಹದಿನೈದು ದಿನದ ಕೆಲಸವನ್ನು ರಬ್ಬರಿನಂತೆ ನಾಲ್ಕು ತಿಂಗಳು ಎಳೆದಾಡಿದ್ದ. ಬೀದಿಯೆಲ್ಲ ನಕ್ಕಿತ್ತು. 'ಮೋರಿ ಮೇಸ್ತ್ರಿ' ಎಂದು ಹೆಸರಿಟ್ಟವನು ಸ್ವತಃ ಮಗನೇ. ಅಪ್ಪ ಗಾರೆ ಬಳಿಯುವ ಕರಣೆಯನ್ನು ಎಡಗೈಯಲ್ಲಿ ತಿರುಗಿಸುತ್ತ ತಾನೂ ನಕ್ಕಿದ್ದ. ಸಾಯುವವರೆಗೂ ಆ ಹೆಸರು ಬಿಡಲಿಲ್ಲ.

ಸೊಂಟ ಮುಳುಗುವಷ್ಟು ಅಗೆದಾಗ ಕಲ್ಲು ಮುಗಿಯಿತು. ಇನ್ನು ಬರೀ ಮಣ್ಣು ಎಂದುಕೊಂಡು ಹಾರೆ ಹಾಕಿದ. ಠಣ್ಣೆಂದಿತು.

ಕೈಯಿಂದ ಮಣ್ಣು ಬಳಿದ. ಕಾಂಕ್ರೀಟು! ಪಕ್ಕದ ಮಣ್ಣು ಅಗೆದು ನೋಡಿದರೆ ಇನ್ನೂ ಎರಡಡಿ ಕೆಳಕ್ಕೆ ಅಚ್ಚುಕಟ್ಟಾಗಿ ಇಳಿದಿತ್ತು, ಮೂರಡಿಗೊಂದು ಜೋಡಣೆ. ಕಲ್ಲಿನಡಿಯ ಸಂದಿಗೆ ಗಾರೆ ಬಿಗಿದು ಎಳೆದ ಕರಣೆಯ ಗೆರೆಗಳು ಮಾತ್ರ ಎಲ್ಲ ಮೇಸ್ತ್ರಿಗಳಂತಿರದೆ ತಿರುವುಮುರುವಾಗಿ, ಎಡಗೈಯಿಂದ ಎಳೆದಂತಿದ್ದವು. ಅವನು ಅವುಗಳ ಮೇಲೆ ಬೆರಳಾಡಿಸಿ, ನಾಚಿಕೆಯಿಂದ ಗುಂಡಿಯಲ್ಲೇ ಕೂತ.

ಬುನಾದಿ ಎಷ್ಟು ಆಳವಿದೆಯೆಂದು ಟೀಚರಮ್ಮ ಮೇಲಿನಿಂದ ಕೇಳಿದರು. ಅವನು ತಲೆಯೆತ್ತಲಿಲ್ಲ.

"ನಾನು ಹಾಕಿದ್ದು ಮೂರೇ ಅಡಿ ಅಮ್ಮ. ಕೆಳಗಿನ ಎರಡಡಿ ಮೋರಿ ಮೇಸ್ತ್ರಿದು."